ಎರಡು ಸುತ್ತು ಹಾಕಿದರೆ ಎಂಥ ಕೊಂಬೆಯೂ ಹಗುರವೇ?

ಕಡಿಯುವ ಕೊಂಬೆಗೆ ಕಟ್ಟಿದ ಹಗ್ಗವನ್ನು ಮೇಲಿನ ರಾಟೆಯ ಮೇಲಿಂದ ಇಳಿಸಿ, ಮರದ ಬುಡಕ್ಕೆ ಎರಡು ಸುತ್ತು ಹಾಕಿದರೆ ಎಂಥ ಕೊಂಬೆಯನ್ನೂ ಒಬ್ಬರೇ ಇಳಿಸಬಹುದು ಅನ್ನೋ ಸಂದೇಶ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಅರ್ಧ ನಿಜವೂ ಹೌದು. ಸುತ್ತು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚಿ, ಕೈಗೆ ಬರುವ ಎಳೆತ ತುಂಬಾ ಇಳಿಯುತ್ತದೆ.

ಆದರೆ ಹಗುರವಾಗೋದು ಕೈಗೆ ಮಾತ್ರ, ಹಗ್ಗಕ್ಕಲ್ಲ. ಮೇಲೆ ರಾಟೆ ಕಟ್ಟಿದ ಜಾಗಕ್ಕಂತೂ ಹೆಚ್ಚುಕಡಿಮೆ ಎರಡರಷ್ಟು ಭಾರ: 100 ಕೆಜಿ ತುಂಡು ತೂಗಿದರೆ ಅಲ್ಲಿ 200 ಕೆಜಿ ಹತ್ತಿರ. ತುಂಡು ಜಾರಿ ತಟ್ಟನೆ ನಿಂತರೆ ಇನ್ನೂ ಜಾಸ್ತಿ. ತೊಗಟೆಯ ಹಿಡಿತವೂ ಒಂದೇ ಥರ ಇರೋದಿಲ್ಲ. ಒರಟು ಸಿಲ್ವರ್ ಓಕ್ ಬೇರೆ, ಮಳೆಯಲ್ಲಿ ನೆಂದ ನುಣುಪು ನೀಲಗಿರಿ ಬೇರೆ, ಅಲ್ವಾ? ಅದಕ್ಕೇ ಪಳಗಿದವರು ಬುಡಕ್ಕೆ ಲೋಹದ ಘರ್ಷಣೆ ಡ್ರಮ್ (ಹಗ್ಗ ಸುತ್ತುವ ಉರುಳೆ) ಕಟ್ಟುತ್ತಾರೆ.

ನೀವೇ ನೋಡಿ. ಸ್ಪ್ರಿಂಗ್ ತಕ್ಕಡಿಗೆ ಸಣ್ಣ ರಾಟೆ ತೂಗುಹಾಕಿ. 5 ಲೀಟರ್ ನೀರಿನ ಬಕೆಟ್‌ಗೆ ಕಟ್ಟಿದ ಹಗ್ಗವನ್ನು ಅದರ ಮೇಲಿಂದ ಇಳಿಸಿ, ಕೆಳಗಿನ ಕಂಬಕ್ಕೆ ಎರಡು ಸುತ್ತು ಹಾಕಿ. ತುದಿಯನ್ನು ಎರಡು ಬೆರಳಲ್ಲೇ ಹಿಡಿಯಬಹುದು. ತಕ್ಕಡಿಯ ಮುಳ್ಳು ಮಾತ್ರ 10 ಕೆಜಿ ಆಸುಪಾಸು ನಿಂತಿರುತ್ತದೆ. ಮುಂದಿನ ಸಲ ಇಂಥ ಸಂದೇಶ ಬಂದಾಗ ತುಂಡಿನ ತೂಕ, ಹಗ್ಗದ ತಾಕತ್ತು ಹೇಳಿದ್ದಾರಾ ಅಂತ ಹುಡುಕಿ.