ಹತ್ತು ವರ್ಷದ ಡಾನ್‌ಗಳು

ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಬಂಧನದಲ್ಲಿರುವ ಮಕ್ಕಳ ಮುಖಕ್ಕೆ ಮುಸುಕು ವಾಪಸ್ ಬಂದಿದೆ. ಉಗುಳಬಾರದು ಅಂತ ಹಾಕುವ ಚೀಲ ಅದು. 2025ರಲ್ಲಿ ಕಾನೂನೇ ಮಾಡಿದರು. ಶಿಸ್ತು ಅಂದ್ರೆ ಶಿಸ್ತು.

ಅಲ್ಲಿ ವಯಸ್ಸು ಕೂಡ ಪೆಟ್ರೋಲ್ ರೇಟಿನ ಹಾಗೆ. 2023ರಲ್ಲಿ ಹನ್ನೆರಡು ತುಂಬದವರ ಮೇಲೆ ಕೇಸ್ ಹಾಕಬಾರದು ಅಂದರು. 2024ರಲ್ಲಿ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಮತ್ತೆ ಹತ್ತಕ್ಕೆ ಇಳಿಸಿದರು. ಮಕ್ಕಳ ಒಳ್ಳೆಯದಕ್ಕೇ ಅಂತೆ, ಬೇಗ ಹಿಡಿದರೆ ಬೇಗ ತಿದ್ದಬಹುದಲ್ಲ! ನಮ್ಮಲ್ಲಿ ಹತ್ತು ವರ್ಷದವನು ಶೂ ಲೇಸ್ ಕಟ್ಟೋಕೆ ಅಮ್ಮನನ್ನು ಕೂಗುತ್ತಾನೆ. ಅಲ್ಲಿ ಲಾಯರನ್ನು ಕೂಗಬೇಕು.

ಅಲ್ಲಿನ ರಾಜಧಾನಿ ಡಾರ್ವಿನ್‌ನಲ್ಲಿ ಈ ತಿದ್ದುವ ಮನೆಗೆ ಡಾನ್ ಡೇಲ್ ಅಂತ ಹೆಸರಿತ್ತು. ಭೂಗತ ಲೋಕದವನ ಹೆಸರಿದ್ದ ಹಾಗಿದೆ ಅಲ್ವಾ? ಇಲ್ಲ, ಪಾಪ, ಹಳೇ ರಾಜಕಾರಣಿಯದ್ದು. 2014ರಲ್ಲಿ ದೊಡ್ಡವರಿಗೆ ಹೊಸ ಜೈಲು ಕಟ್ಟಿದರು. ಅವರು ಬಿಟ್ಟುಹೋದ ಹಳೇ ಜೈಲನ್ನು ಡಾನ್ ಡೇಲ್ ಮಾಡಿ ಮಕ್ಕಳಿಗೆ ಕೊಟ್ಟರು. ಅಣ್ಣನ ಹಳೇ ಅಂಗಿ ತಮ್ಮನಿಗೆ ಬಂದ ಹಾಗೆ.

ನಾರ್ದರ್ನ್ ಟೆರಿಟರಿಯ ಜನರಲ್ಲಿ ಹತ್ತಕ್ಕೆ ಮೂವರು ಮೂಲನಿವಾಸಿಗಳು. 2018ರಲ್ಲಿ ಒಂದು ಹಂತದಲ್ಲಿ ಬಂಧನದಲ್ಲಿದ್ದ ಮಕ್ಕಳೆಲ್ಲ ಅವರೇ. ನೂರಕ್ಕೆ ನೂರು! ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದಿದ್ದರೆ ನಮ್ಮೂರಲ್ಲಿ ಫ್ಲೆಕ್ಸ್ ಹಾಕಿಸುತ್ತಿದ್ದರು.

2016ರಲ್ಲಿ ಮುಸುಕು ಹಾಕಿ ಕುರ್ಚಿಗೆ ಕಟ್ಟಿದ್ದ ಹುಡುಗನನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಮರುದಿನವೇ ಪ್ರಧಾನಿ ಟರ್ನ್‌ಬುಲ್ ರಾಯಲ್ ಕಮಿಷನ್ ಅನ್ನೋ ದೊಡ್ಡ ತನಿಖಾ ಆಯೋಗ ಘೋಷಿಸಿದರು. ಡಾನ್ ಡೇಲ್ ಮುಚ್ಚಿ ಅಂತ 2017ರಲ್ಲಿ ವರದಿಯೂ ಬಂತು. ವರದಿ ಬರೋದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಇದರ ಮಧ್ಯೆ ನಮ್ಮ ಕಸುಬಿನವರದ್ದೊಂದು ಕಥೆ. ಟಿವಿಯಲ್ಲಿ ಬಂದ ಮುಂದಿನ ವಾರವೇ ಅಲ್ಲಿನ ದೊಡ್ಡ ಪತ್ರಿಕೆಯೊಂದು ವ್ಯಂಗ್ಯಚಿತ್ರ ಹಾಕಿತು. ಪೊಲೀಸರು ಹುಡುಗನನ್ನು ಹಿಡಿದು ತಂದಿದ್ದಾರೆ. ಬಿಯರ್ ಕ್ಯಾನ್ ಹಿಡಿದ ಮೂಲನಿವಾಸಿ ಅಪ್ಪನಿಗೆ ಮಗನ ಹೆಸರೇ ಗೊತ್ತಿಲ್ಲ. ಆಹಾ, ಏನು ಹಾಸ್ಯ! ಕುರ್ಚಿಗೆ ಕಟ್ಟಿದವರನ್ನು ಬಿಟ್ಟು ಅಪ್ಪನ ಕಡೆ ತಿರುಗಿತು ಪೆನ್ನು. ಅಪ್ಪಂದಿರು ಬೈಯಲು ಹೋಗಲಿಲ್ಲ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡ ಫೋಟೊ ಹಾಕಿದರು, ಸಾಲು ಸಾಲಾಗಿ. ಕಾರ್ಟೂನಿಗಿಂತ ಅದೇ ಜೋರಾಗಿತ್ತು.

ಹಾಸ್ಯ ಬೇಕಿದ್ದರೆ ಸರಕು ಬೇಕಾದಷ್ಟಿತ್ತು. 2009ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಹನ್ನೆರಡು ವರ್ಷದ ಮೂಲನಿವಾಸಿ ಹುಡುಗನ ಮೇಲೆ ಕದ್ದ ಮಾಲು ತೆಗೆದುಕೊಂಡ ಕೇಸ್. ಮಾಲು ಏನು? ಕಪ್ಪೆ ಆಕಾರದ ಚಾಕಲೇಟು. ಬೆಲೆ 70 ಸೆಂಟು. ಹುಡುಗ ಲಾಕಪ್ಪನ್ನೂ ನೋಡಿ ಬಂದ. ಎಲ್ಲರೂ ನಕ್ಕ ಮೇಲೆ ಕೇಸ್ ಕೈಬಿಟ್ಟರು.

2000ನೇ ಇಸವಿಯಲ್ಲಿ ಯಾರೂ ನಗಲಿಲ್ಲ. ಹದಿನೈದರ ಹುಡುಗ, ನಾರ್ದರ್ನ್ ಟೆರಿಟರಿಯ ಗ್ರೂಟ್ ಐಲ್ಯಾಂಡ್ ದ್ವೀಪದವನು. ಕದ್ದಿದ್ದು ಪೆನ್ನು, ಪೆನ್ಸಿಲ್, ಒಂದಿಷ್ಟು ಪೇಂಟು. ಇಂಥದ್ದಕ್ಕೆ ಜೈಲೇ ಆಗಬೇಕು, ಜಡ್ಜ್ ಕೂಡ ಬಿಡುವ ಹಾಗಿಲ್ಲ ಅಂತ ಆಗ ಕಾನೂನಿತ್ತು. 28 ದಿನ. 2014ಕ್ಕೆ ಮುಂಚೆ ಬೇರೆ ಕಟ್ಟಡದಲ್ಲಿದ್ದ ಹಳೇ ಡಾನ್ ಡೇಲ್‌ನಲ್ಲಿದ್ದಾಗ, ಬಿಡುಗಡೆಗೆ ಕೆಲವೇ ದಿನ ಬಾಕಿ ಇರುವಾಗ ಸತ್ತ. ಪೆನ್ಸಿಲ್‌ಗೆ ಕಣ್ರೀ.