ಬ್ಲೇಕ್‌ನ ಕವಿತೆಯನ್ನು ತಾಮ್ರದಿಂದ ಕಿತ್ತು ಓದಬೇಡಿ

ಡಿಗ್ರಿಯಲ್ಲಿ ಇಂಗ್ಲಿಷ್ ಸಾಹಿತ್ಯ ತಗೊಂಡವರಿಗೆ ವಿಲಿಯಂ ಬ್ಲೇಕ್‌ನ ‘ಟೈಗರ್’ ಗೊತ್ತೇ ಇರುತ್ತೆ. ಆದರೆ ಪಠ್ಯದಲ್ಲಿ ಸಿಗೋದು ಬರೀ 24 ಸಾಲು, ಕೆಳಗೆ ಕಠಿಣ ಪದಗಳ ಅರ್ಥ. 1794ರಲ್ಲಿ ಬ್ಲೇಕ್ ಹೊರತಂದದ್ದು ಅದಲ್ಲ. ಸುಮಾರು 11 ಸೆಂ.ಮೀ. ಉದ್ದ, 6 ಸೆಂ.ಮೀ.ಗಿಂತ ತುಸು ಹೆಚ್ಚು ಅಗಲದ ತಾಮ್ರದ ತಗಡಿನಿಂದ ಒತ್ತಿ, ಕೈಯಲ್ಲೇ ಬಣ್ಣ ಹಚ್ಚಿದ ಒಂದು ಪುಟ. ಬಲಕ್ಕೊಂದು ಮರ, ಅದರ ಕೊಂಬೆಗಳು ಪದ್ಯದ ನಡುನಡುವೆ ನುಗ್ಗಿವೆ. ಕೆಳಗಿರುವ ಹುಲಿಯಂತೂ ಭಯಂಕರವೇನಲ್ಲ, ಕೆಲವು ಪ್ರತಿಗಳಲ್ಲಿ ಮಕ್ಕಳ ಆಟಿಕೆಯ ಹಾಗೆ ಪೆಚ್ಚಾಗಿ ನಿಂತಿದೆ! ಪದ್ಯ ನಡುಗಿಸುತ್ತೆ, ಚಿತ್ರ ನಡುಗಿಸೋದಿಲ್ಲ. ಈ ಜಗಳ ಕಾಣದಿದ್ದರೆ ಅರ್ಧ ಕವಿತೆ ಓದಿದ ಹಾಗೆ.

ಬ್ಲೇಕ್ ಹೊಟ್ಟೆಪಾಡಿಗೆ ಕಲಿತದ್ದು ತಾಮ್ರ ಕೊರೆಯೋ ಕೆಲಸ. 1772ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನ ಜೇಮ್ಸ್ ಬಸೈರ್ ಹತ್ತಿರ ಏಳು ವರ್ಷದ ಶಿಷ್ಯವೃತ್ತಿಗೆ ಸೇರಿದ. ಆಗಿನ ರೂಢಿಯಲ್ಲಿ ಅಕ್ಷರಕ್ಕೆ ಮೊಳೆಯಚ್ಚು, ಚಿತ್ರಕ್ಕೆ ತಾಮ್ರದ ತಗಡು. ಎರಡಕ್ಕೂ ಬೇರೆ ಬೇರೆ ಪ್ರೆಸ್, ಬೇರೆ ಬೇರೆ ಖರ್ಚು. ಎರಡನ್ನೂ ಒಂದೇ ತಗಡಿಗೆ ತಂದುಕೊಂಡರೆ ಮನೆಯಲ್ಲೇ ಪುಸ್ತಕ ಮಾಡಬಹುದು ಅನ್ನೋ ದಾರಿ ಅವನಿಗೆ 1788ರ ಹೊತ್ತಿಗೆ ಸಿಕ್ಕಿತು. ತೀರಿಹೋದ ತಮ್ಮ ರಾಬರ್ಟ್ ದರ್ಶನದಲ್ಲಿ ಬಂದು ಹೇಳಿಕೊಟ್ಟ ಅನ್ನೋದು ಅವನ ಮಾತು.

ಆಸಿಡ್‌ನಿಂದ ತಗಡು ಕೊರೆಯೋ ಮಾಮೂಲಿ ವಿಧಾನವಾದ ಎಚಿಂಗ್‌ನಲ್ಲಿ ಆಸಿಡ್ ತಿನ್ನೋದು ಗೆರೆಯನ್ನು. ಆ ಗುಂಡಿಯಲ್ಲಿ ಮಸಿ ನಿಲ್ಲುತ್ತೆ. ಬ್ಲೇಕ್ ಇದನ್ನು ತಿರುಗಿಸಿದ. ತಗಡನ್ನು ಉಜ್ಜಿ, ಜಿಡ್ಡು ತೆಗೆದು, ಆಸಿಡ್ ತಡೆಯೋ ವಾರ್ನಿಷ್‌ನಲ್ಲಿ ಗರಿಲೇಖನಿ, ಕುಂಚ ಅದ್ದಿ ನೇರವಾಗಿ ಬರೆದ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರಬೇಕು, ಇಲ್ಲದಿದ್ದರೆ ಒತ್ತಿದಾಗ ತಿರುಗುಮುರುಗು. ಅಂಚಿಗೆ ಮೇಣದ ಕಟ್ಟೆ ಕಟ್ಟಿ, ನೀರು ಬೆರೆಸಿದ ಆಸಿಡ್ ಸುರಿದು, ಏಳುವ ಗುಳ್ಳೆಗಳನ್ನು ಹಕ್ಕಿ ಗರಿಯಿಂದ ಸರಿಸುತ್ತಿರಬೇಕು. ಬರೆದದ್ದು ಉಬ್ಬಿ ಉಳಿಯುತ್ತೆ, ಖಾಲಿ ಜಾಗ ತಗ್ಗುತ್ತೆ.

ತೊಂದರೆ ಇರೋದು ಇಲ್ಲೇ. ಆಸಿಡ್ ಕೆಳಕ್ಕೆ ಮಾತ್ರ ಇಳಿಯಲ್ಲ, ಪಕ್ಕಕ್ಕೂ ಕೊರೆಯುತ್ತೆ. ಹೆಚ್ಚು ಹೊತ್ತು ಬಿಟ್ಟರೆ ಸಣ್ಣ ಗೆರೆಯ ಬುಡವೇ ಕರಗಿ ಅಕ್ಷರ ಉದುರಿಹೋಗುತ್ತೆ. ಹಾಗಂತ ಬೇಗ ತೆಗೆದರೆ ತಗ್ಗು ಸಾಲದೆ, ಮಸಿ ಹಚ್ಚೋ ಬಟ್ಟೆಯ ಉಂಡೆ ತಳ ಮುಟ್ಟಿ ಕಲೆ ಬೀಳುತ್ತೆ. ಬ್ಲೇಕ್ ಹೀಗೆ ಉಬ್ಬಚ್ಚಾಗಿ ಮಾಡಿದ ತಗಡುಗಳೆಲ್ಲ ಕಳೆದುಹೋಗಿ ಉಳಿದಿರೋದು ಒಂದೇ ಒಂದು ತುಂಡು. ಅದರಲ್ಲಿ ತಗ್ಗಿನ ಆಳ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಇಷ್ಟು ತೆಳು ತಗ್ಗಿಗೆ ಹಗುರ ಕೈಯಲ್ಲಿ ಮಸಿ ತಟ್ಟಬೇಕು, ಪ್ರೆಸ್ ಒತ್ತಡವನ್ನೂ ಕಮ್ಮಿ ಇಡಬೇಕು. ಸಾಲುಗಳ ನಡುವೆ ಅವನು ತುಂಬುವ ಬಳ್ಳಿ, ಹಕ್ಕಿ, ಪುಟ್ಟ ಮನುಷ್ಯರು ಬರೀ ಅಲಂಕಾರ ಅಂತ ನನಗೆ ಅನ್ನಿಸೋದಿಲ್ಲ. ಖಾಲಿ ಜಾಗ ಕಮ್ಮಿಯಾದಷ್ಟೂ ಮಸಿಯುಂಡೆಗೆ ಆಸರೆ ಹೆಚ್ಚು. ತಾಮ್ರದ ಗುಣವೇ ಪುಟದ ರೂಪ ತಿದ್ದಿದೆ.

ಮುದ್ರಣದಲ್ಲೂ ಬಣ್ಣ ಹಚ್ಚೋದರಲ್ಲೂ ಹೆಂಡತಿ ಕ್ಯಾಥರೀನ್ ಜೊತೆಗಿದ್ದಳು. ಮದುವೆ ದಾಖಲೆಗೆ ಸಹಿಯ ಬದಲು ಗುರುತು ಹಾಕಿದ್ದವಳು ಅವನಿಂದಲೇ ಓದು, ಕಸುಬು ಎರಡೂ ಕಲಿತಳು. ಅವಳ ಹೆಸರು ಹೇಳದೆ ಬ್ಲೇಕ್ ಬಗ್ಗೆ ಭಾಷಣ ಮಾಡೋರನ್ನು ಕಂಡರೆ ನನಗೆ ರೇಗುತ್ತೆ.

ಅವನು ಕೈಹಾಕಿದ್ದೆಲ್ಲ ಗೆಲ್ಲಲಿಲ್ಲ. ಎಣ್ಣೆಬಣ್ಣ ಕಂಡರಾಗದೆ ಅಂಟಿನಲ್ಲಿ ಕಲಸಿದ ಬಣ್ಣದಿಂದ ಚಿತ್ರ ಬರೆದು ಅದನ್ನೇ ‘ಫ್ರೆಸ್ಕೊ’ (ಹಸಿ ಗಾರೆಯ ಮೇಲೆ ಬರೆಯೋ ಚಿತ್ರದ ಹೆಸರು) ಅಂದ. ಅವುಗಳಲ್ಲಿ ಎಷ್ಟೋ ಕಪ್ಪಾಗಿ ಬಿರುಕುಬಿಟ್ಟಿವೆ. 1809ರಲ್ಲಿ ಅಣ್ಣನ ಕಾಲುಚೀಲದ ಅಂಗಡಿ ಇದ್ದ ಮನೆಯಲ್ಲೇ 16 ಚಿತ್ರಗಳ ಪ್ರದರ್ಶನ ಇಟ್ಟ, ಜನ ಬರಲಿಲ್ಲ. ರೋಮನ್ ಕವಿ ವರ್ಜಿಲ್‌ನ ಪದ್ಯಗಳ 1821ರ ಶಾಲಾಪುಸ್ತಕಕ್ಕೆ ಕೊರೆದ 17 ಪುಟ್ಟ ಮರದಚ್ಚುಗಳು ಮಾತ್ರ ಅದ್ಭುತ. ಕತ್ತಲಿನಿಂದ ಬೆಳಕನ್ನು ಕೆತ್ತಿ ತೆಗೆದಂತಿವೆ.

ಪುಸ್ತಕದಲ್ಲಿ ಓದಿ ಮುಗಿಸಿದವರು ‘ವಿಲಿಯಂ ಬ್ಲೇಕ್ ಆರ್ಕೈವ್’ ಜಾಲತಾಣಕ್ಕೆ ಹೋಗಿ ‘ಟೈಗರ್’ನ ಮೂರ್ನಾಲ್ಕು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತಗಡು ಒಂದೇ, ಹುಲಿಯ ಬಣ್ಣ ಪ್ರತಿಸಲ ಬೇರೆ. ಆಮೇಲೆ 100 ತಗಡುಗಳ ಅವನ ನೀಳ್ಗವಿತೆ ‘ಜೆರುಸಲೇಂ’ ತೆರೆಯಿರಿ. ಪೂರ್ತಿ ಬಣ್ಣ ಹಚ್ಚಿದ್ದು ಒಂದೇ ಪ್ರತಿ. ಸಾಯುವ ವರ್ಷ, 1827ರಲ್ಲಿ, ಬರೆದ ಪತ್ರದಲ್ಲಿ ಅಂಥ ಒಂದು ಪ್ರತಿಗೆ 20 ಗಿನಿಯಷ್ಟು (ಗಿನಿ ಅಂದರೆ ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ದುಡಿಮೆ ಬೀಳುತ್ತೆ ಅಂತ ಲೆಕ್ಕ ಕೊಟ್ಟು, ಅದಕ್ಕೆ ಗಿರಾಕಿ ಸಿಗೋದು ಅನುಮಾನ ಅಂದಿದ್ದ.