ಸತ್ಯಾಂಶ: ಹೆಂಡತಿಯ ಸಾವಿಗೆ ಅತ್ತ ಹಕ್ಕಿ?

ಸತ್ತ ಸಂಗಾತಿಯ ಪಕ್ಕ ಕೊಕ್ಕು ತೆರೆದು ನಿಂತ ಹಕ್ಕಿಯ ಚಿತ್ರಗಳು ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಸುತ್ತುತ್ತವೆ. ಹೆಂಡತಿ ಸತ್ತಳೆಂದು ಗಂಡು ಗೋಳಾಡುತ್ತಿದೆ ಎಂಬುದು ಒಕ್ಕಣೆ. ಮನಸ್ಸು ಕಲಕುವ ಚಿತ್ರ, ಹಂಚಿಕೊಂಡವರನ್ನು ದೂರುವಂತಿಲ್ಲ.

ಚಿತ್ರದಲ್ಲಿರುವುದು ಬಾರ್ನ್ ಸ್ವಾಲೋ ಎಂಬ ಹಕ್ಕಿ. ಬೆನ್ನು ಹೊಳೆಯುವ ಕಡುನೀಲಿ, ಹಣೆ ಮತ್ತು ಗಂಟಲು ಇಟ್ಟಿಗೆಗೆಂಪು, ಬಾಲ ಕವಲು. ಚಳಿಗಾಲದಲ್ಲಿ ಉತ್ತರದಿಂದ ಕರ್ನಾಟಕಕ್ಕೂ ವಲಸೆ ಬಂದು ಕೆರೆ, ಗದ್ದೆಗಳ ಬಳಿಯ ಕರೆಂಟ್ ತಂತಿಗಳ ಮೇಲೆ ಸಾಲುಗಟ್ಟಿ ಕೂರುತ್ತದೆ. ಹಾರುತ್ತಲೇ ಕೀಟ ಹಿಡಿಯುತ್ತದೆ, ಹಾರುತ್ತಲೇ ನೀರನ್ನೂ ಕುಡಿಯುತ್ತದೆ! ಗಂಡು ಹೆಣ್ಣು ನೋಡಲು ಹೆಚ್ಚುಕಮ್ಮಿ ಒಂದೇ. ಗಂಡಿನ ಬಾಲದ ಹೊರಗರಿ ತುಸು ಉದ್ದ, ಅಷ್ಟೆ. ಹಾಗಾಗಿ ಗಂಡ ಯಾರು, ಹೆಂಡತಿ ಯಾರು ಎಂಬುದೇ ಊಹೆ. ತೆರೆದ ಕೊಕ್ಕು ಕೂಗಿನ ಗುರುತಿರಬಹುದು. ಹಕ್ಕಿಯ ಕಣ್ಣೀರಿನ ಕೆಲಸ ಕಣ್ಣನ್ನು ತೇವವಾಗಿಡುವುದು. ದುಃಖಕ್ಕೆ ಅದು ಕಣ್ಣೀರಿಡುತ್ತದೆ ಎನ್ನಲು ಆಧಾರವಿಲ್ಲ. ಜೋಡಿ ಸತ್ತಾಗ ಹಕ್ಕಿಗೆ ಏನೂ ಆಗುವುದಿಲ್ಲ ಎಂದಲ್ಲ. ಆದರೆ ಒಂದು ಫೋಟೊ ಅದನ್ನು ಹೇಳಲಾರದು.

ಇಂಥ ಚಿತ್ರ ಬಂದಾಗ ಗೂಗಲ್ ಲೆನ್ಸ್ ಎಂಬ, ಚಿತ್ರದಿಂದಲೇ ಹುಡುಕುವ ಸಾಧನಕ್ಕೆ ಹಾಕಿ, ಸಿಕ್ಕಿದ್ದರಲ್ಲಿ ಅತಿ ಹಳೆಯ ಪುಟ ತೆರೆಯಿರಿ. ತೆಗೆದವರ ಹೆಸರು, ಊರು, ದಿನಾಂಕ ಇದೆಯೇ? ಒಂದೇ ಚಿತ್ರಕ್ಕೆ ಬೇರೆ ಬೇರೆ ಊರು, ಬೇರೆ ಬೇರೆ ಕತೆ ಅಂಟಿಕೊಂಡಿದ್ದರೆ ಒಕ್ಕಣೆಯನ್ನು ಪಕ್ಕಕ್ಕಿಡಿ.